ಕ್ರ್ಯಾಂಬಿನ್‌ಗೆ ದಾರ ಕಟ್ಟಿದ್ದು: 46 ಅಮೈನೊ ಆಮ್ಲಗಳ ಸಂಪರ್ಕ ನಕ್ಷೆ ಮತ್ತು ಅದರ ತಂತಿ ಮಾದರಿ

ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಪ್ರೋಟೀನಿನ ರಚನೆಯ ಪಾಠದಲ್ಲಿ ಪ್ರತಿವರ್ಷವೂ ಒಂದೇ ಕಡೆ ತೊಡಕಿಗೆ ಸಿಲುಕುತ್ತಿದ್ದೆ. ಅಮೈನೊ ಆಮ್ಲಗಳ ಸರಪಳಿ ಮಡಚಿಕೊಂಡಾಗ ಸಾಲಿನಲ್ಲಿ ದೂರವಿದ್ದವು ಹತ್ತಿರ ಬರುತ್ತವೆ ಎಂದು ಹೇಳುವುದು ಸುಲಭ. ಯಾವುದು ಯಾವುದರ ಪಕ್ಕಕ್ಕೆ ಬಂತು, ಎಷ್ಟು ಹತ್ತಿರ ಬಂತು ಎಂಬುದನ್ನು ಕಪ್ಪುಹಲಗೆಯ ಮೇಲೆ ತೋರಿಸುವುದು ಕಷ್ಟ. ಈ ವರ್ಷದ ಬೇಸಿಗೆಯಲ್ಲಿ ಅದನ್ನು ವಿದ್ಯಾರ್ಥಿಗಳ ಜೊತೆ ಸೇರಿ ಕೈಯಾರೆ ಮಾಡಿ ನೋಡುವುದೆಂದು ನಿಶ್ಚಯಿಸಿದೆ. ಮೊದಲು ಸಂಪರ್ಕಗಳನ್ನು ಲೆಕ್ಕಹಾಕುವ ಒಂದು ಸಣ್ಣ ಪ್ರೋಗ್ರಾಂ, ಆಮೇಲೆ ಆ ಲೆಕ್ಕದಿಂದಲೇ ಬಾಗಿಸಿದ ಒಂದು ತಂತಿ ಮಾದರಿ, ಇಷ್ಟು ನಮ್ಮ ಯೋಜನೆ. ಎರಡರಲ್ಲಿಯೂ ತಪ್ಪುಗಳಾದವು. ಆ ತಪ್ಪುಗಳನ್ನು ಹೇಗೆ ಕಂಡುಹಿಡಿದೆವು, ಹೇಗೆ ತಿದ್ದಿದೆವು ಎಂಬುದನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆದಿದ್ದೇನೆ, ಏಕೆಂದರೆ ಈ ಕೆಲಸಕ್ಕೆ ಕೈಹಾಕುವವರೆಲ್ಲರೂ ಬಹುತೇಕ ಇವೇ ಜಾಗಗಳಲ್ಲಿ ಎಡವುತ್ತಾರೆ.

ಆರಿಸಿಕೊಂಡ ಪ್ರೋಟೀನು ಕ್ರ್ಯಾಂಬಿನ್. ಸಾಸಿವೆಯ ಕುಟುಂಬಕ್ಕೆ ಸೇರಿದ ಕ್ರ್ಯಾಂಬೆ ಅಬಿಸಿನಿಕಾ ಎಂಬ ಎಣ್ಣೆಕಾಳಿನ ಗಿಡದ ಬೀಜದಲ್ಲಿ ಇದು ಇರುತ್ತದೆ. ಇದರಲ್ಲಿ ಇರುವುದು 46 ಅಮೈನೊ ಆಮ್ಲದ ಘಟಕಗಳು ಮಾತ್ರ. ಸರಪಳಿಯಲ್ಲಿ ಸೇರಿಕೊಂಡ ಅಮೈನೊ ಆಮ್ಲಕ್ಕೆ ಇಂಗ್ಲಿಷಿನಲ್ಲಿ ರೆಸಿಡ್ಯೂ ಎನ್ನುವುದನ್ನು ನಾನು ಘಟಕ ಎಂದೇ ಕರೆಯುತ್ತೇನೆ. ಪ್ರೋಟೀನುಗಳ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಸಿಆರ್‌ಎನ್ ಎಂಬ ಗುರುತಿನ ಕಡತವನ್ನು ಇಳಿಸಿಕೊಂಡರೆ ಹೈಡ್ರೋಜನ್ ಬಿಟ್ಟು ಉಳಿದ 327 ಪರಮಾಣುಗಳ ಸ್ಥಾನ ಸಿಗುತ್ತದೆ. ಸಣ್ಣದಾಗಿರುವುದು ಆಯ್ಕೆಗೆ ಒಂದು ಕಾರಣ. ಇನ್ನೊಂದು ಕಾರಣ ಅದರ ಆರು ಸಿಸ್ಟೀನ್‌ಗಳು. ಅವು ಎರಡೆರಡಾಗಿ ಗಂಧಕದ ಮೂಲಕ ಬೆಸೆದುಕೊಂಡು ಮೂರು ಡೈಸಲ್ಫೈಡ್ ಬಂಧಗಳಾಗಿವೆ: 3 ಮತ್ತು 40, 4 ಮತ್ತು 32, 16 ಮತ್ತು 26. 1981ರಲ್ಲಿ ಹೆಂಡ್ರಿಕ್ಸನ್ ಮತ್ತು ಟೀಟರ್ ಈ ಪ್ರೋಟೀನಿನ ರಚನೆಯನ್ನು ಬಿಡಿಸಿದ್ದು ಇದೇ ಆರು ಗಂಧಕದ ಪರಮಾಣುಗಳು ಎಕ್ಸ್-ಕಿರಣವನ್ನು ಚದುರಿಸುವ ವಿಶೇಷ ರೀತಿಯನ್ನು ಬಳಸಿಕೊಂಡು. ನಮಗೆ ಅವು ಬೇರೊಂದು ರೀತಿಯಲ್ಲಿ ಒದಗಿದವು. ಉತ್ತರ ಮೊದಲೇ ಗೊತ್ತಿರುವ ಮೂರು ಜೋಡಿಗಳು ಕೈಯಲ್ಲಿದ್ದರೆ, ಪ್ರೋಗ್ರಾಂ ಎಷ್ಟೇ ಸಲ ಬದಲಾದರೂ ಅವು ಸರಿಯಾಗಿ ಬರುತ್ತಿವೆಯೇ ಎಂದು ನೋಡಿದರೆ ಮೊದಲ ಪರೀಕ್ಷೆ ಮುಗಿಯುತ್ತದೆ.

ಪ್ರೋಗ್ರಾಂ ಬರೆಯುವ ಮೊದಲು ಒಂದು ದೂರವನ್ನು ಎಲ್ಲರೂ ನೋಟ್‌ಪುಸ್ತಕದಲ್ಲಿ ಕೈಯಿಂದ ಲೆಕ್ಕಹಾಕಿದೆವು. ಪ್ರತಿ ಘಟಕದಲ್ಲಿಯೂ ಪಕ್ಕದ ಕವಲು ಹೊರಡುವ ಮುಖ್ಯ ಸರಪಳಿಯ ಕಾರ್ಬನ್ನಿಗೆ ಆಲ್ಫಾ ಕಾರ್ಬನ್ ಎನ್ನುತ್ತಾರೆ. ಮೊದಲ ಘಟಕವಾದ ಥ್ರಿಯೊನೈನಿನ ಆಲ್ಫಾ ಕಾರ್ಬನ್ನು ಕಡತದಲ್ಲಿ 16.967, 12.784, 4.338 ಎಂಬ ಸ್ಥಾನದಲ್ಲಿದೆ. ಎರಡನೆಯ ಥ್ರಿಯೊನೈನಿನದು 13.856, 11.469, 6.066. ಮೂರು ದಿಕ್ಕಿನ ವ್ಯತ್ಯಾಸಗಳು 3.111, 1.315 ಮತ್ತು 1.728. ಅವುಗಳ ವರ್ಗಗಳನ್ನು ಕೂಡಿದರೆ 14.39, ವರ್ಗಮೂಲ 3.79. ಅಳತೆ ಆಂಗ್‌ಸ್ಟ್ರಾಮಿನಲ್ಲಿದೆ, ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿ ಭಾಗಗಳಲ್ಲಿ ಒಂದು ಭಾಗ. ಸರಪಳಿಯಲ್ಲಿ ಅಕ್ಕಪಕ್ಕದ ಆಲ್ಫಾ ಕಾರ್ಬನ್‌ಗಳ ನಡುವಿನ ಅಂತರ ಸಾಮಾನ್ಯವಾಗಿ 3.8 ಆಂಗ್‌ಸ್ಟ್ರಾಮ್ ಎಂದು ಪುಸ್ತಕದಲ್ಲಿ ಓದಿದ್ದ ಮಕ್ಕಳಿಗೆ ಅದು ತಮ್ಮ ಲೆಕ್ಕದಲ್ಲಿಯೇ ಬಂದದ್ದು ಬಹಳ ಹಿಡಿಸಿತು. ಉಳಿದದ್ದು ಇದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು. 46 ಘಟಕಗಳಿಗೆ 1,035 ಜೋಡಿಗಳಾಗುತ್ತವೆ, 327 ಪರಮಾಣುಗಳಿಗೆ 53,301 ಜೋಡಿಗಳು. ಹಳೆಯ ಕಂಪ್ಯೂಟರಿಗೂ ಇದು ಕ್ಷಣದ ಕೆಲಸ.

ಇಂಥ ಕಡತ ಓದಲು ಸಿದ್ಧ ತಂತ್ರಾಂಶಗಳು ಬೇಕಾದಷ್ಟಿವೆ. ಬಯೋಪೈಥಾನ್ ಬಳಸಿದ್ದರೆ ನಮ್ಮ ಅರ್ಧ ತೊಂದರೆ ಬರುತ್ತಲೇ ಇರಲಿಲ್ಲ. ಆದರೂ ಓದುವ ಭಾಗವನ್ನು ಪೈಥಾನಿನಲ್ಲಿ ನಾವೇ ಬರೆದೆವು. ಕಡತದ ಒಳಗೆ ಏನಿದೆ ಎಂಬುದನ್ನು ಒಂದೊಂದು ಸಾಲಾಗಿ ನೋಡದೆ ಸಂಪರ್ಕ ಎಂಬ ಮಾತಿನ ಅರ್ಥ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಈಗಲೂ ಅದು ಬದಲಾಗಿಲ್ಲ.

ಮೊದಲ ಆವೃತ್ತಿಯಲ್ಲಿ ಪ್ರತಿ ಸಾಲನ್ನೂ ಖಾಲಿ ಜಾಗ ಇದ್ದಲ್ಲಿ ತುಂಡರಿಸಿ, ಆರು, ಏಳು, ಎಂಟನೆಯ ತುಂಡುಗಳನ್ನು ನಿರ್ದೇಶಾಂಕ ಎಂದು ತೆಗೆದುಕೊಂಡಿದ್ದೆವು. ಸೊನ್ನೆಯಿಂದ ಎಣಿಸುವ ಪೈಥಾನಿನ ಕ್ರಮದಲ್ಲಿ ಅದು ಸರಿಯಾಗಿಯೇ ಇತ್ತು. 1ಸಿಆರ್‌ಎನ್ ತೊಂದರೆಯಿಲ್ಲದೆ ಓದಿಕೊಂಡಿತು. ಅದೇ ಪ್ರೋಟೀನನ್ನು ಇನ್ನೂ ಸೂಕ್ಷ್ಮವಾಗಿ, 0.54 ಆಂಗ್‌ಸ್ಟ್ರಾಮಿನ ವಿವರದಲ್ಲಿ ನೋಡಿದ 1ಇಜೆಜಿ ಎಂಬ ಇನ್ನೊಂದು ಕಡತವಿದೆ. ಅದನ್ನು ಕೊಟ್ಟ ಕೂಡಲೇ ಎಲ್ಲವೂ ಕೆಟ್ಟಿತು. ಘಟಕದ ಹೆಸರು ಇರಬೇಕಾದ ಕಡೆ 'ಎಪಿಆರ್‌ಒ' ಎಂಬ ನಾಲ್ಕು ಅಕ್ಷರ ಬಂದಿತ್ತು, ಅದು ಪ್ರೋಲಿನ್ನಿನ ಮೂರಕ್ಷರದ ಹೆಸರಿಗೆ ಮುಂದೆ ಒಂದು 'ಎ' ಅಂಟಿಕೊಂಡದ್ದು. ಈ ಕಡತಗಳ ಮಾದರಿ ರೂಪುಗೊಂಡದ್ದು 1971ರಲ್ಲಿ ಡೇಟಾ ಬ್ಯಾಂಕ್ ಆರಂಭವಾದ ಪಂಚ್ ಕಾರ್ಡುಗಳ ಕಾಲದಲ್ಲಿ. ಸಾಲಿಗೆ 80 ಅಂಕಣ, ಪ್ರತಿ ಮಾಹಿತಿಗೂ ಅದರದೇ ಅಂಕಣ. ಪರಮಾಣುವಿನ ಹೆಸರು 13ರಿಂದ 16, ಪರ್ಯಾಯ ಸ್ಥಾನದ ಗುರುತು 17, ಘಟಕದ ಹೆಸರು 18ರಿಂದ 20, ಸರಪಳಿಯ ಅಕ್ಷರ 22, ಘಟಕದ ಸಂಖ್ಯೆ 23ರಿಂದ 26, ಮೂರು ನಿರ್ದೇಶಾಂಕಗಳು 31ರಿಂದ 54ರವರೆಗೆ ಎಂಟೆಂಟು ಅಂಕಣ. ನಡುವೆ ಖಾಲಿ ಜಾಗ ಇರಲೇಬೇಕೆಂಬ ನಿಯಮವಿಲ್ಲ. ಋಣ ಚಿಹ್ನೆಯ ನೂರರ ಮೇಲಿನ ನಿರ್ದೇಶಾಂಕ ಬಂದರೆ ಪಕ್ಕದ ಅಂಕಿಗೆ ಅಂಟಿಕೊಂಡೇ ಕೂರುತ್ತದೆ. ತುಂಡರಿಸುವ ಸಾಲನ್ನು ಅಳಿಸಿ, ಅಂಕಣದ ಸಂಖ್ಯೆಯಿಂದಲೇ ಕತ್ತರಿಸುವಂತೆ ಬರೆದೆವು.

ಆ 'ಎ' ಅಕ್ಷರದ ಹಿಂದೆ ಇನ್ನೊಂದು ಪಾಠವಿತ್ತು. ತಿದ್ದಿದ ಮೇಲೆ 1ಇಜೆಜಿಯಲ್ಲಿ ಎಣಿಸಿದ ಆಲ್ಫಾ ಕಾರ್ಬನ್‌ಗಳು 46ಕ್ಕಿಂತ ಹೆಚ್ಚಾಗಿದ್ದವು. ಅಷ್ಟು ಸೂಕ್ಷ್ಮ ವಿವರದಲ್ಲಿ ಕೆಲವು ಪರಮಾಣುಗಳು ಎರಡು ಜಾಗಗಳಲ್ಲಿ ಕಾಣಿಸುತ್ತವೆ, ಎರಡನ್ನೂ ಎ, ಬಿ ಎಂದು ಗುರುತು ಹಾಕಿ ಬರೆದಿರುತ್ತಾರೆ. ಕ್ರ್ಯಾಂಬಿನ್‌ನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: 22ನೆಯ ಜಾಗದಲ್ಲಿ ಕೆಲವು ಅಣುಗಳಲ್ಲಿ ಪ್ರೋಲಿನ್ ಇದ್ದರೆ ಕೆಲವುಗಳಲ್ಲಿ ಸೆರೀನ್ ಇದೆ, 25ರಲ್ಲಿ ಕೆಲವಕ್ಕೆ ಲ್ಯೂಸಿನ್, ಕೆಲವಕ್ಕೆ ಐಸೊಲ್ಯೂಸಿನ್. ಹರಳಿನಲ್ಲಿ ಎರಡೂ ಬೆರೆತಿರುವುದರಿಂದ ಕಡತದಲ್ಲಿ ಒಂದೇ ಸಂಖ್ಯೆಯಡಿ ಎರಡು ಬೇರೆ ಅಮೈನೊ ಆಮ್ಲಗಳು. ನಮ್ಮ ಪ್ರೋಗ್ರಾಂ ಎರಡನ್ನೂ ಎಣಿಸಿ, ಪ್ರೋಲಿನ್‌ಗೂ ಅದೇ ಜಾಗದ ಸೆರೀನ್‌ಗೂ ಸಂಪರ್ಕವಿದೆ ಎಂದು ಬರೆದಿತ್ತು. ಎಂದೂ ಒಂದೇ ಅಣುವಿನಲ್ಲಿ ಇರದ ಎರಡಕ್ಕೆ ಸಂಪರ್ಕ! ಪ್ರತಿ ಸಂಖ್ಯೆಗೂ ಹೆಚ್ಚು ಪಾಲು ಇರುವ ಒಂದು ರೂಪವನ್ನು ಮಾತ್ರ ಉಳಿಸಿಕೊಳ್ಳುವಂತೆ ತಿದ್ದಿದೆವು. ಆ ಪಾಲನ್ನು 55ರಿಂದ 60ರ ಅಂಕಣ ಹೇಳುತ್ತದೆ. ಇಷ್ಟು ಕಲಿತು ತಂತಿಯ ಕೆಲಸಕ್ಕೆ 1ಸಿಆರ್‌ಎನ್‌ಗೇ ಮರಳಿದೆವು.

ಇನ್ನು ಸಂಪರ್ಕ ಎಂದರೆ ಏನು ಎಂಬ ಪ್ರಶ್ನೆ. ಕಡತದಲ್ಲಿ ಸ್ಥಾನಗಳು ಮಾತ್ರ ಇವೆ. ಎಷ್ಟು ಹತ್ತಿರವಾದರೆ ಸಂಪರ್ಕ ಎಂಬುದನ್ನು ನಾವೇ ಹೇಳಬೇಕು, ಹೇಳಿದ ಮೇಲೆ ಅದಕ್ಕೆ ಕಾರಣ ಕೊಡಬೇಕು. ಮೊದಲು ಆಲ್ಫಾ ಕಾರ್ಬನ್‌ಗಳ ನಡುವೆ 8 ಆಂಗ್‌ಸ್ಟ್ರಾಮಿನ ಒಳಗಿದ್ದರೆ ಚುಕ್ಕೆ ಇಡುವಂತೆ ಮಾಡಿದೆವು. ಅಡ್ಡಕ್ಕೂ ಉದ್ದಕ್ಕೂ ಘಟಕಗಳ ಸಂಖ್ಯೆ ಬರೆದ 46ಕ್ಕೆ 46ರ ಚೌಕದಲ್ಲಿ ಕರ್ಣದ ಉದ್ದಕ್ಕೂ ದಪ್ಪನೆಯ ಕಪ್ಪು ಪಟ್ಟಿ ಬಂತು. ಇದರಲ್ಲಿ ಹೊಸದೇನೂ ಇಲ್ಲ. ಸರಪಳಿ ಸ್ಪ್ರಿಂಗಿನಂತೆ ಸುತ್ತಿಕೊಂಡ ಆಲ್ಫಾ ಸುರುಳಿಯಲ್ಲಿ ಎರಡನೆಯ ನೆರೆಯ ದೂರ ಸುಮಾರು 5.5, ಮೂರನೆಯದು 5ರ ಆಸುಪಾಸು, ನಾಲ್ಕನೆಯದು ಸುಮಾರು 6.2, ಸುರುಳಿ ಎಂದ ಮೇಲೆ ಇವೆಲ್ಲ ಬಂದೇ ಬರುತ್ತವೆ. ಮಡಿಕೆಯ ಸುದ್ದಿ ಹೇಳುವುದು ಸಾಲಿನಲ್ಲಿ ಕನಿಷ್ಠ ಆರು ಘಟಕಗಳಷ್ಟು ಅಂತರವಿರುವ ಜೋಡಿಗಳು. ಮಿತಿಯನ್ನು 12ಕ್ಕೆ ಏರಿಸಿ ನೋಡಿದಾಗ ಗೆರೆಗಳೆಲ್ಲ ಒಂದರೊಳಗೊಂದು ಕರಗಿಹೋದವು. 5ಕ್ಕೆ ಇಳಿಸಿದಾಗ ಅಕ್ಕಪಕ್ಕದ ಬೀಟಾ ಎಳೆಗಳ (ಸರಪಳಿ ನೀಳವಾಗಿ ಚಾಚಿಕೊಂಡ ಭಾಗಗಳ) ನಡುವಿನ ಚುಕ್ಕೆಗಳೂ ಬಿಟ್ಟುಹೋಗತೊಡಗಿದವು.

ಆಲ್ಫಾ ಕಾರ್ಬನ್ ಮುಖ್ಯ ಸರಪಳಿಯಲ್ಲಿರುವ ಪರಮಾಣು. ಪಕ್ಕದ ಕವಲು ಯಾವ ಕಡೆ ಮುಖಮಾಡಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಎರಡು ಸರಪಳಿಗಳು ಹತ್ತಿರವಿದ್ದೂ ಕವಲುಗಳು ಒಂದಕ್ಕೊಂದು ಬೆನ್ನು ತಿರುಗಿಸಿರಬಹುದು. ಆದ್ದರಿಂದ ಕವಲಿನ ಮೊದಲ ಪರಮಾಣುವಾದ ಬೀಟಾ ಕಾರ್ಬನ್‌ಗಳ ನಡುವೆ 8 ಆಂಗ್‌ಸ್ಟ್ರಾಮ್ ಎಂಬ ವ್ಯಾಖ್ಯೆಗೆ ಬದಲಾಯಿಸಿದೆವು. ರಚನೆಯನ್ನು ಊಹಿಸುವ ವಿಧಾನಗಳನ್ನು ಒರೆಗೆ ಹಚ್ಚುವ ಕ್ಯಾಸ್ಪ್ ಸ್ಪರ್ಧೆಯಲ್ಲಿಯೂ ಸಂಪರ್ಕವನ್ನು ಹೀಗೆಯೇ ಅಳೆಯುತ್ತಾರೆ. ಹೊಸ ನಕ್ಷೆ ತೆರೆದಾಗ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಬಿಳಿ ಪಟ್ಟಿಗಳು ಕಂಡವು. ಸಂಖ್ಯೆ ನೋಡಿದರೆ 20, 31, 37, 42. ಇವು ಕ್ರ್ಯಾಂಬಿನ್‌ನ ನಾಲ್ಕು ಗ್ಲೈಸಿನ್‌ಗಳು. ಗ್ಲೈಸಿನ್‌ಗೆ ಕವಲೇ ಇಲ್ಲ, ಬೀಟಾ ಕಾರ್ಬನ್ನೂ ಇಲ್ಲ. ಇಲ್ಲದ ಪರಮಾಣುವನ್ನು ಹುಡುಕಿ ಸಿಗದೆ ಪ್ರೋಗ್ರಾಂ ಮೌನವಾಗಿ ಮುಂದೆ ಹೋಗಿತ್ತು. ಗ್ಲೈಸಿನ್‌ಗೆ ಆಲ್ಫಾ ಕಾರ್ಬನ್ನನ್ನೇ ಬಳಸುವವರಿದ್ದಾರೆ. ನಾವು ನೈಟ್ರೋಜನ್, ಆಲ್ಫಾ ಕಾರ್ಬನ್, ಕಾರ್ಬೊನಿಲ್ ಕಾರ್ಬನ್ ಈ ಮೂರರ ಸ್ಥಾನದಿಂದ ಬೀಟಾ ಕಾರ್ಬನ್ ಇದ್ದಿದ್ದರೆ ಎಲ್ಲಿರುತ್ತಿತ್ತು ಎಂದು ಲೆಕ್ಕಹಾಕಿ ಒಂದು ಕಾಲ್ಪನಿಕ ಬಿಂದುವನ್ನು ಇಟ್ಟೆವು. ಈ ಲೆಕ್ಕ ಸರಿಯೇ ಎಂದು ನೋಡಲು ದಾರಿ ಸುಲಭ: ಬೀಟಾ ಕಾರ್ಬನ್ ನಿಜವಾಗಿ ಇರುವ ಉಳಿದ 42 ಘಟಕಗಳಲ್ಲಿಯೂ ಕಾಲ್ಪನಿಕ ಬಿಂದುವನ್ನು ಕಂಡುಹಿಡಿದು, ನಿಜವಾದದ್ದರಿಂದ ಅದು ಎಷ್ಟು ದೂರ ಬಿತ್ತು ಎಂದು ಅಳೆಯಬೇಕು. ಬಿಂದುಗಳು ಒಂದರ ಮೇಲೊಂದು ಕೂತಂತೆ ಬಂದವು, ಬಿಳಿ ಪಟ್ಟಿಗಳು ತುಂಬಿಕೊಂಡವು.

ಆ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದೇವೆ. 1ರಿಂದ 4ರವರೆಗಿನ ಬೀಟಾ ಎಳೆ ಮತ್ತು 32ರಿಂದ 35ರವರೆಗಿನ ಎಳೆ ಎದುರುಬದುರು ದಿಕ್ಕಿನಲ್ಲಿ ಮಲಗಿರುವುದರಿಂದ, ಒಂದರ ಸಂಖ್ಯೆ ಏರಿದಂತೆ ಇನ್ನೊಂದರದು ಇಳಿದು, ಚುಕ್ಕೆಗಳು ಕರ್ಣಕ್ಕೆ ಅಡ್ಡಲಾಗಿ ಒಂದು ಗೆರೆ ಹಾಕುತ್ತವೆ. 7ರಿಂದ 19 ಮತ್ತು 23ರಿಂದ 30ರ ಎರಡು ಸುರುಳಿಗಳ ನಡುವೆ ಮಾತ್ರ ಗೆರೆ ತುಂಡುತುಂಡಾಗಿ, ಮೂರು ನಾಲ್ಕು ಮನೆಗಳಿಗೊಮ್ಮೆ ಚುಕ್ಕೆ ಬಿದ್ದು ಕಾಣುತ್ತದೆ. ಸುರುಳಿಯ ಒಂದು ಸುತ್ತಿಗೆ 3.6 ಘಟಕಗಳಿರುವುದರಿಂದ ಪಕ್ಕದ ಸುರುಳಿಗೆ ಮುಖಮಾಡುವ ಸರದಿ ಅಷ್ಟಕ್ಕೊಮ್ಮೆ ಬರುತ್ತದೆ. ಪುಸ್ತಕದ 3.6 ಎಂಬ ಅಂಕಿಯನ್ನು ಚುಕ್ಕೆಗಳ ನಡುವಿನ ಮನೆಗಳನ್ನು ಎಣಿಸಿ ಕಂಡುಕೊಳ್ಳುವುದು ನನಗೂ ಹೊಸ ಅನುಭವವಾಗಿತ್ತು.

ಕವಲುಗಳ ತುದಿಗಳು ನಿಜವಾಗಿ ತಾಗುತ್ತಿವೆಯೇ ಎಂದು ನೋಡಲು ಬೇರೆ ವ್ಯಾಖ್ಯೆ ಬೇಕು: ಎರಡು ಘಟಕಗಳ ಯಾವುದೇ ಎರಡು ಭಾರ ಪರಮಾಣುಗಳು (ಹೈಡ್ರೋಜನ್ ಬಿಟ್ಟು ಉಳಿದವು) 4.5 ಆಂಗ್‌ಸ್ಟ್ರಾಮಿನ ಒಳಗಿರಬೇಕು. ಈ ಸಂಖ್ಯೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಕಾರ್ಬನ್ನಿನ ವ್ಯಾನ್ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದ ಪರಮಾಣುಗಳು ತಾಗಿ ಕೂತಾಗ ಒಂದೊಂದರ ಪಾಲಿನ ತ್ರಿಜ್ಯ, 1.7, ಎರಡು ಕಾರ್ಬನ್‌ಗಳು ತಾಗಿ ಕೂತರೆ ಕೇಂದ್ರಗಳ ನಡುವೆ 3.4. ನಡುವೆ ಸುಮಾರು 2.8 ಅಗಲದ ಒಂದು ನೀರಿನ ಅಣು ನುಸುಳಬೇಕಾದರೆ ಆ ಅಂತರ 6ಕ್ಕೂ ಹೆಚ್ಚಾಗಬೇಕು. 4.5ರ ಒಳಗಿದ್ದರೆ ನಡುವೆ ನೀರಿಗೆ ಜಾಗವಿಲ್ಲ, ಆದ್ದರಿಂದ ಅವು ಒಂದಕ್ಕೊಂದು ಒತ್ತಿಕೊಂಡಿವೆ ಎನ್ನಬಹುದು. ಪರಮಾಣುಗಳು ಎಷ್ಟರ ಮಟ್ಟಿಗೆ ಹತ್ತಿರ ಬರಬಹುದು ಎಂಬ ಇಂಥದೇ ಕನಿಷ್ಠ ದೂರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಎಂಬ ನಕ್ಷೆಯನ್ನು ಬರೆದರು. ರಾಮಚಂದ್ರನ್ ನಕ್ಷೆಯನ್ನು ಪರೀಕ್ಷೆಗೆ ಬರೆಯುವ ಚಿತ್ರವೆಂದು ಮಾತ್ರ ಬಲ್ಲ ವಿದ್ಯಾರ್ಥಿಗಳಿಗೆ, ಅದು ಕೂಡ ಮೂಲತಃ ಸಂಪರ್ಕದ ಲೆಕ್ಕವೇ ಎಂದು ಈ ಹಂತದಲ್ಲಿ ಹೇಳಿದರೆ ಅರ್ಥವಾಗುತ್ತದೆ.

ಈ ಆವೃತ್ತಿಯಲ್ಲಿ ಮೂರು ಡೈಸಲ್ಫೈಡ್‌ಗಳು ಗಂಧಕದಿಂದ ಗಂಧಕಕ್ಕೆ 2 ಆಂಗ್‌ಸ್ಟ್ರಾಮಿಗಿಂತ ಸ್ವಲ್ಪವೇ ಹೆಚ್ಚಿನ ದೂರದಲ್ಲಿ ಬಂದವು. ಧನ ಮತ್ತು ಋಣ ವಿದ್ಯುದಂಶದ ಗುಂಪುಗಳು ಒಂದನ್ನೊಂದು ಹಿಡಿದುಕೊಳ್ಳುವ ಲವಣ ಸೇತುವೆಗಳನ್ನು ಹುಡುಕುವಾಗ ಮಾತ್ರ ಒಂದು ತಪ್ಪಿಹೋಯಿತು. ಕ್ರ್ಯಾಂಬಿನ್‌ನಲ್ಲಿ ವಿದ್ಯುದಂಶವಿರುವ ಕವಲುಗಳು ನಾಲ್ಕೇ: 10 ಮತ್ತು 17ರ ಆರ್ಜಿನಿನ್, 23ರ ಗ್ಲುಟಾಮಿಕ್ ಆಮ್ಲ, 43ರ ಆಸ್ಪಾರ್ಟಿಕ್ ಆಮ್ಲ. ಋಣ ವಿದ್ಯುದಂಶಕ್ಕೆ ಆ ಎರಡು ಆಮ್ಲಗಳ ಆಕ್ಸಿಜನ್‌ಗಳನ್ನು ಮಾತ್ರ ಪಟ್ಟಿ ಮಾಡಿದ್ದೆವು. ಆದರೆ ಸರಪಳಿಯ ಕೊನೆಯೂ ಒಂದು ಕಾರ್ಬಾಕ್ಸಿಲ್ ಗುಂಪು. 46ನೆಯ ಆಸ್ಪರಾಜಿನ್ನಿನ ಆ ತುದಿ 10ನೆಯ ಆರ್ಜಿನಿನ್ನಿನ ಜೊತೆ ಕಟ್ಟಿಕೊಂಡಿದೆ. ಕಡತದ ಕಟ್ಟಕಡೆಯ ಪರಮಾಣುವಾದ 'ಒಎಕ್ಸ್‌ಟಿ'ಯನ್ನು ಪಟ್ಟಿಗೆ ಸೇರಿಸಿದ ಮೇಲೆ ಅದು ಸಿಕ್ಕಿತು.

ತಂತಿಗೆ ಹೋಗುವ ಮೊದಲು ಇನ್ನೊಂದು ದೋಷವನ್ನು ಹೇಳಬೇಕು, ಏಕೆಂದರೆ ಅದನ್ನು ಹುಡುಕಲು ಎರಡು ದಿನ ಹಿಡಿಯಿತು. ಸ್ವಲ್ಪ ದೊಡ್ಡದು ನೋಡೋಣವೆಂದು ಹಳೆಯ ಆಲ್ಫಾ ಕಾರ್ಬನ್ ಆವೃತ್ತಿಗೆ ಕ್ಯಾಲ್ಮೊಡ್ಯುಲಿನ್ ಕೊಟ್ಟಿದ್ದೆವು. 148 ಘಟಕಗಳ ಈ ಪ್ರೋಟೀನು ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಫಲಿತಾಂಶದಲ್ಲಿ ನಾಲ್ಕು ಘಟಕಗಳು ಹೆಚ್ಚಿಗೆ ಬಂದವು, ಅವುಗಳ ಸುತ್ತ ಬೇರೆಲ್ಲಿಯೂ ಇಲ್ಲದಷ್ಟು ಸಂಪರ್ಕಗಳು ಕಿಕ್ಕಿರಿದಿದ್ದವು. ಆಲ್ಫಾ ಕಾರ್ಬನ್ನನ್ನು ಕಡತ ಸಿ, ಎ ಎಂಬ ಎರಡು ಅಕ್ಷರಗಳಿಂದ ಬರೆಯುತ್ತದೆ. ಕ್ಯಾಲ್ಸಿಯಮ್ಮಿನ ಸಂಕೇತವೂ ಅವೇ ಎರಡು ಅಕ್ಷರ. ಕಡತ ಬರೆದವರು ಇದನ್ನು ಮುಂಚೆಯೇ ಯೋಚಿಸಿ, ಆಲ್ಫಾ ಕಾರ್ಬನ್ನನ್ನು 14ನೆಯ ಅಂಕಣದಿಂದ, ಕ್ಯಾಲ್ಸಿಯಮ್ಮನ್ನು 13ನೆಯ ಅಂಕಣದಿಂದ ಆರಂಭಿಸಿದ್ದಾರೆ. ಎರಡರ ನಡುವಿನ ವ್ಯತ್ಯಾಸ ಒಂದು ಖಾಲಿ ಮನೆ. ಅಕ್ಷರಗಳ ಸುತ್ತಲಿನ ಖಾಲಿ ಜಾಗವನ್ನು ಕಿತ್ತುಹಾಕುವ ಆಜ್ಞೆಯನ್ನು ಅಚ್ಚುಕಟ್ಟಾಗಿರಲಿ ಎಂದು ಹಾಕಿದವನು ನಾನು. ಸೆಲೀನಿಯಂ ಇರುವ ಮೆಥಿಯೊನಿನ್ ಬಿಟ್ಟುಹೋಗದಿರಲಿ ಎಂದು ಹೆಟ್‌ಆಟಂ ಸಾಲುಗಳನ್ನೂ (ಸಾಮಾನ್ಯ ಅಮೈನೊ ಆಮ್ಲಗಳಿಗೆ ಹೊರತಾದವುಗಳ ಸಾಲುಗಳು) ಓದಲು ಬಿಟ್ಟದ್ದರಿಂದ ಕ್ಯಾಲ್ಸಿಯಂ ಒಳಗೆ ಬಂದು, ಘಟಕದ ವೇಷದಲ್ಲಿ ಕುಳಿತಿತ್ತು. ಈಗ 77 ಮತ್ತು 78ನೆಯ ಅಂಕಣದ ಮೂಲಧಾತುವಿನ ಸಂಕೇತವನ್ನೂ ನೋಡಿ, ಅದು ಕಾರ್ಬನ್ ಆಗಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ. ಹೊರಹಾಕಿದ ಕ್ಯಾಲ್ಸಿಯಮ್ಮನ್ನು ಪ್ರತ್ಯೇಕವಾಗಿ ಕೂರಿಸಿ ಅದಕ್ಕೆ ಹತ್ತಿರದ ಆಕ್ಸಿಜನ್‌ಗಳನ್ನು ಕೇಳಿದಾಗ ಮೊದಲ ಕುಣಿಕೆಯಲ್ಲಿ 20, 22, 24ರ ಆಸ್ಪಾರ್ಟಿಕ್ ಆಮ್ಲಗಳು, 26ರ ಥ್ರಿಯೊನೈನಿನ ಮುಖ್ಯ ಸರಪಳಿಯ ಆಕ್ಸಿಜನ್, 31ರ ಗ್ಲುಟಾಮಿಕ್ ಆಮ್ಲ ಸಾಲಾಗಿ ಬಂದವು. ಕ್ಯಾಲ್ಸಿಯಮ್ಮನ್ನು ಹಿಡಿಯುವ ಈ ರಚನೆಗೆ ಹೆಸರಾದ ಪಠ್ಯಪುಸ್ತಕದ ಇಎಫ್-ಹ್ಯಾಂಡ್ ನಮ್ಮ ಪರದೆಯ ಮೇಲೆ ನಮ್ಮದೇ ಲೆಕ್ಕದಿಂದ ಮೂಡಿತ್ತು.

ಏಪ್ರಿಲ್‌ನಲ್ಲಿ ತಂತಿಯ ಕೆಲಸ. ಒಂದು ಆಂಗ್‌ಸ್ಟ್ರಾಮಿಗೆ ಒಂದು ಸೆಂಟಿಮೀಟರ್ ಎಂಬ ಅಳತೆ ಇಟ್ಟುಕೊಂಡರೆ 45 ತುಂಡುಗಳಿಗೆ ತಲಾ 3.8 ಸೆಂಟಿಮೀಟರಿನಂತೆ 171 ಸೆಂಟಿಮೀಟರ್ ತಂತಿ ಬೇಕು. ಒಬ್ಬ ವಿದ್ಯಾರ್ಥಿನಿಯ ತಂದೆಗೆ ಪಂಪ್‌ಸೆಟ್ ಮೋಟರ್ ರೀವೈಂಡಿಂಗ್ ಅಂಗಡಿಯಿದೆ. ಅಲ್ಲಿಂದ ದಪ್ಪ ತಾಮ್ರದ ತಂತಿ ತಂದಳು. ತಾಮ್ರ ಬಾಗಿಸಲು ಸುಲಭವಾದರೂ ಎತ್ತಿ ಹಿಡಿದ ಕೂಡಲೇ ತನ್ನ ಭಾರಕ್ಕೆ ತಾನೇ ಜೋತುಬಿದ್ದು ಕೋನಗಳೆಲ್ಲ ಬದಲಾದವು. 14 ಗೇಜಿನ ಜಿಐ ತಂತಿಗೆ ಬದಲಾಯಿಸಿದೆವು. ಪ್ರತಿ 3.8 ಸೆಂಟಿಮೀಟರಿಗೆ ಗುರುತು ಹಾಕಿ, ಗುರುತು ಬಾಗಿನ ನಟ್ಟನಡುವೆ ಬರುವಂತೆ ಇಕ್ಕಳದಲ್ಲಿ ಹಿಡಿದು ಬಾಗಿಸಿ, ಬಾಗಿದ ಕಡೆ ಎಂ-ಸೀಲ್‌ನ ಸಣ್ಣ ಉಂಡೆ ಕೂರಿಸಿದೆವು. ಆ ಉಂಡೆಯೇ ಆಲ್ಫಾ ಕಾರ್ಬನ್. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಎಂ-ಸೀಲ್ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಸಲಕ್ಕೆ ಆರು ಉಂಡೆಗಿಂತ ಹೆಚ್ಚು ಕಲಸಬಾರದು. ತಂತಿ ಬಾಗಿಸಿ ಪ್ರೋಟೀನಿನ ಮಾದರಿ ಮಾಡುವುದು ಹೊಸ ವಿದ್ಯೆಯೇನಲ್ಲ. 1972ರಲ್ಲಿಯೇ ರೂಬಿನ್ ಮತ್ತು ರಿಚರ್ಡ್‌ಸನ್ ಇದಕ್ಕಾಗಿ ಒಂದು ಸರಳ ಸಾಧನದ ವಿವರ ಪ್ರಕಟಿಸಿದ್ದರು. ನಮ್ಮ ಸಾಧನ ಎರಡು ಮರದ ತುಂಡು ಮತ್ತು ಜ್ಯಾಮಿತಿ ಪೆಟ್ಟಿಗೆಯ ಎರಡು ಕೋನಮಾಪಕಗಳು. ಮೂರು ಬಿಂದುಗಳು ಸೇರಿ ಒಂದು ಬಾಗು ಕೋನ, ನಾಲ್ಕು ಸೇರಿ ಒಂದು ತಿರುಚು ಕೋನ ಆಗುವುದರಿಂದ 46 ಬಿಂದುಗಳಿಗೆ 44 ಬಾಗು ಕೋನ, 43 ತಿರುಚು ಕೋನ. ಬಾಗನ್ನು ಒಂದು ಕೋನಮಾಪಕ, ತಿರುಚನ್ನು ಇನ್ನೊಂದು ಅಳೆಯುತ್ತದೆ.

ಈ ಕೋನಗಳನ್ನು ಕಡತದ ನಿರ್ದೇಶಾಂಕದಿಂದ ನೇರವಾಗಿ ತೆಗೆಯಬಹುದಿತ್ತು. ನಾನು ಬೇಡವೆಂದೆ. ದೂರಗಳ ಪಟ್ಟಿಯೊಂದೇ ಆಕಾರವನ್ನು ಎಷ್ಟರಮಟ್ಟಿಗೆ ಬಲ್ಲದು ಎಂದು ನೋಡುವ ಆಸೆ ನನ್ನದು. ಆದ್ದರಿಂದ ನಿರ್ದೇಶಾಂಕಗಳನ್ನು ಬದಿಗಿಟ್ಟು, ಆಲ್ಫಾ ಕಾರ್ಬನ್‌ಗಳ 1,035 ದೂರಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ವರ್ಗಗಳ ಕೋಷ್ಟಕದಿಂದ ಸಾಲು ಮತ್ತು ಕಂಬಗಳ ಸರಾಸರಿ ಕಳೆದು, ಪೈಥಾನಿನ ಗಣಿತ ಸಂಗ್ರಹವಾದ ನಂಪೈ ಮೂಲಕ ಐಗನ್ ಮೌಲ್ಯಗಳನ್ನು (ಬಿಂದುಗಳು ಎಷ್ಟು ದಿಕ್ಕುಗಳಲ್ಲಿ ಹರಡಿವೆ ಎಂದು ತಿಳಿಸುವ ಸಂಖ್ಯೆಗಳನ್ನು) ತೆಗೆದೆವು. ಮೂರು ಮೌಲ್ಯಗಳು ದೊಡ್ಡವು, ಉಳಿದ 43 ಸೊನ್ನೆ ಎನ್ನುವಷ್ಟು ಚಿಕ್ಕವು. ಬಿಂದುಗಳು ಮೂರು ಆಯಾಮದಲ್ಲಿಯೇ ಇವೆ ಎಂಬುದನ್ನು ದೂರಗಳೇ ಹೇಳಿದಂತಾಯಿತು. ಆ ಮೂರರಿಂದ ಹೊಸ ನಿರ್ದೇಶಾಂಕಗಳು ಬಂದವು. ಅವುಗಳಿಂದ ಮತ್ತೆ ದೂರಗಳನ್ನು ಲೆಕ್ಕಹಾಕಿದರೆ 1,035ಕ್ಕೆ 1,035 ಸರಿಹೊಂದಿದವು. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡವೆನಿಸಿ, ಆ ಕೋನಗಳನ್ನೇ ಕಾಗದಕ್ಕೆ ಬರೆದುಕೊಂಡು ನಾಲ್ಕು ದಿನ ಕೂತು ತಂತಿ ಬಾಗಿಸಿದೆವು.

ದಾರ ನಮ್ಮ ಊರಿನದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಕೊರತೆಯಿಲ್ಲ. ಪಕ್ಕದ ಮನೆಯ ಅಕ್ಕ ಕೊಟ್ಟ ದಪ್ಪನೆಯ ಹಳದಿ ದಾರವನ್ನು ಸಾಲಿನಲ್ಲಿ ಕನಿಷ್ಠ ಆರು ಘಟಕಗಳ ಅಂತರವಿರುವ ಸಂಪರ್ಕಗಳಿಗೆ, ಕೆಂಪು ದಾರವನ್ನು ಮೂರು ಡೈಸಲ್ಫೈಡ್‌ಗಳಿಗೆ ಕಟ್ಟಿದೆವು. ಪ್ರತಿ ದಾರದ ಉದ್ದವೂ ಪಟ್ಟಿಯ ದೂರದಷ್ಟೇ ಸೆಂಟಿಮೀಟರ್. ಪ್ರತಿ ತಿರುಚಿನಲ್ಲಿಯೂ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾದದ್ದು ಸರಪಳಿಯ ಉದ್ದಕ್ಕೂ ಕೂಡಿಕೊಳ್ಳುತ್ತಾ ಹೋಗಿ, 40ನೆಯ ಉಂಡೆ ತಾನಿರಬೇಕಾದ ಜಾಗದಿಂದ ಒಂದು ಗೇಣು ಆಚೆ ನಿಂತಿತ್ತು. 3 ಮತ್ತು 40ರ ನಡುವಿನ ಕೆಂಪು ದಾರವನ್ನು ಬಿಗಿದು ಎಳೆದು ಕಟ್ಟಿದಾಗ ಇಡೀ ಬಾಲ ಒಳಕ್ಕೆ ಬಂದು, ಅದರ ಜೊತೆಗೆ ಸಡಿಲವಾಗಿದ್ದ ಹಳದಿ ದಾರಗಳೂ ಒಂದೊಂದಾಗಿ ಬಿಗಿಯಾದವು. ಡೈಸಲ್ಫೈಡ್ ಏನು ಮಾಡುತ್ತದೆ ಎಂದು ಅಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನು ಆ ದಿನ ಬೆರಳಿನಲ್ಲಿ ಅನುಭವಿಸಿದೆ.

ಎಲ್ಲ ದಾರಗಳೂ ಸರಿಯಾಗಿ ಕೂತಿದ್ದವು. ಮಾದರಿಯನ್ನು ಕಿಟಕಿಯ ಬಳಿ ನೇತುಹಾಕಿ ನೋಡುತ್ತಿದ್ದಾಗ, ತಂತಿ ತಂದುಕೊಟ್ಟಿದ್ದ ವಿದ್ಯಾರ್ಥಿನಿ ಮೊದಲ ಸುರುಳಿಯ ಮೇಲೆ ಬೆರಳಾಡಿಸಿ, "ಸರ್, ಇದು ಬೋಲ್ಟಿನ ಥ್ರೆಡ್ಡಿನಂಗೆ ಇಲ್ಲ. ಉಲ್ಟಾ ಐತೆ" ಎಂದಳು. ತಂದೆಯ ಅಂಗಡಿಯಲ್ಲಿ ನಟ್ಟು ಬೋಲ್ಟು ಬಿಚ್ಚಿ ಹಾಕಿದ ಕೈ ಅವಳದು. ಸ್ಟ್ಯಾಂಡಿನ ಒಂದು ಬೋಲ್ಟನ್ನು ಬಿಚ್ಚಿ ಪಕ್ಕದಲ್ಲಿ ಹಿಡಿದೆವು. ಸಾಮಾನ್ಯ ಬೋಲ್ಟಿನ ಥ್ರೆಡ್ ಬಲಗೈ ಸುತ್ತು. ನಮ್ಮಿಂದ ದೂರ ಸರಿಯುತ್ತಾ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪ್ರೋಟೀನಿನ ಆಲ್ಫಾ ಸುರುಳಿಯೂ ಬಲಗೈ ಸುತ್ತು. ನಾವು ಬಾಗಿಸಿದ್ದು ಎಡಗೈ ಸುತ್ತು, ಸೈಕಲ್ಲಿನ ಎಡ ಪೆಡಲಿನ ಥ್ರೆಡ್ ಇರುವ ಹಾಗೆ. ಮಾದರಿ ಪೂರ್ತಿಯಾಗಿ ಕ್ರ್ಯಾಂಬಿನ್‌ನ ಕನ್ನಡಿ ಬಿಂಬವಾಗಿತ್ತು.

ತಪ್ಪು ತಂತಿಯದಲ್ಲ. ಕನ್ನಡಿಯ ಬಿಂಬದಲ್ಲಿ ಯಾವ ಎರಡು ಬಿಂದುಗಳ ನಡುವಿನ ದೂರವೂ ಬದಲಾಗುವುದಿಲ್ಲ. ಹಾಗಾಗಿ ದೂರಗಳ ಪಟ್ಟಿಗೆ ಎಡ ಬಲದ ಅರಿವೇ ಇಲ್ಲ, ಅದರಿಂದ ಹುಟ್ಟಿದ ಸಂಪರ್ಕ ನಕ್ಷೆಗೂ ಇಲ್ಲ. ಐಗನ್ ಸದಿಶದ ಚಿಹ್ನೆ ಧನವೋ ಋಣವೋ ಎಂಬುದಕ್ಕೆ ನಿಯಮವಿಲ್ಲದ ಕಾರಣ ಎರಡು ರೂಪಗಳಲ್ಲಿ ಯಾವುದಾದರೂ ಒಂದು ಬರುತ್ತದೆ, ನಮಗೆ ತಪ್ಪಾದದ್ದು ಬಂದಿತ್ತು. 1,035 ದೂರಗಳು ಸರಿಹೊಂದಿದ ಪರೀಕ್ಷೆ ಈ ತಪ್ಪನ್ನು ಹಿಡಿಯಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅದು ಪರೀಕ್ಷಿಸಿದ್ದೂ ದೂರವನ್ನೇ. ಮೂರು ಡೈಸಲ್ಫೈಡ್‌ಗಳೂ ಇದೇ ಕಾರಣಕ್ಕೆ ಸುಮ್ಮನಿದ್ದವು. ನಾವು ಮೊದಲು ಕಣ್ಣಿಟ್ಟು ನೋಡಿದ್ದು ಬೀಟಾ ಎಳೆಗಳನ್ನು. ಎಳೆಯಲ್ಲಿ ತಿರುಚು ಕೋನ 180 ಡಿಗ್ರಿಗೆ ಹತ್ತಿರವಿರುವುದರಿಂದ ಚಿಹ್ನೆ ಬದಲಾದರೂ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ಸುರುಳಿಯಲ್ಲಿ ಆ ಕೋನ ಧನ 50 ಡಿಗ್ರಿಯ ಆಸುಪಾಸು ಇರಬೇಕು, ನಮ್ಮ ಕಾಗದದಲ್ಲಿ ಋಣ 50ರ ಆಸುಪಾಸು ಬರೆದಿತ್ತು. ಆ ಚಿಹ್ನೆಯನ್ನು ನಾಲ್ಕು ದಿನ ಓದಿ ಓದಿ ತಂತಿ ಬಾಗಿಸಿದ್ದರೂ ನನಗೆ ಅನುಮಾನ ಬಂದಿರಲಿಲ್ಲ.

ಪ್ರೋಗ್ರಾಂ ತಿದ್ದುವುದು ಎರಡು ಸಾಲಿನ ಕೆಲಸ: 7ರಿಂದ 19ರವರೆಗಿನ ಸುರುಳಿಯ ತಿರುಚು ಕೋನಗಳ ಸರಾಸರಿಯನ್ನು ತೆಗೆದು, ಅದು ಋಣವಾಗಿದ್ದರೆ ಎಲ್ಲ ಬಿಂದುಗಳ ಮೂರನೆಯ ನಿರ್ದೇಶಾಂಕದ ಚಿಹ್ನೆಯನ್ನು ಬದಲಾಯಿಸುವುದು. ತಂತಿಯನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಬಾಗಿದ ತಂತಿಯನ್ನು ಎಷ್ಟು ತಿರುಗಿಸಿದರೂ ಅದು ತನ್ನ ಕನ್ನಡಿ ಬಿಂಬವಾಗದು. ಹೊಸದಾಗಿ 171 ಸೆಂಟಿಮೀಟರ್ ಕತ್ತರಿಸಿ, 44 ಬಾಗುಗಳನ್ನು ಹಿಂದಿನಂತೆಯೇ, 43 ತಿರುಚುಗಳನ್ನು ವಿರುದ್ಧ ದಿಕ್ಕಿಗೆ ಮಾಡಿ ಎರಡನೆಯ ಮಾದರಿ ಮಾಡಿದೆವು. ಕೈ ಪಳಗಿದ್ದರಿಂದ ಈ ಸಲ ಎರಡೇ ದಿನ ಸಾಕಾಯಿತು, 40ನೆಯ ಉಂಡೆಯೂ ನಾಲ್ಕು ಬೆರಳಿಗಿಂತ ಹೆಚ್ಚು ತಪ್ಪಲಿಲ್ಲ.

ಹಳದಿ ದಾರಗಳನ್ನು ಹೊಸದಾಗಿ ಅಳೆದು ಕತ್ತರಿಸುವ ಅಗತ್ಯ ಬೀಳಲಿಲ್ಲ. ಮೊದಲ ಮಾದರಿಯಿಂದ ಒಂದೊಂದೇ ಬಿಚ್ಚಿ, ಅದೇ ಸಂಖ್ಯೆಯ ಎರಡು ಉಂಡೆಗಳಿಗೆ ಎರಡನೆಯದರಲ್ಲಿ ಕಟ್ಟಿದೆವು. ಎಲ್ಲವೂ ಅದೇ ಉದ್ದಕ್ಕೆ ಬಿಗಿಯಾಗಿ ಕೂತವು. ದಾರವಿಲ್ಲದ ಮೊದಲ ಮಾದರಿಯನ್ನು ಬಿಸಾಡದೆ ಅದರ ಪಕ್ಕದಲ್ಲಿಯೇ ನೇತುಹಾಕಿದ್ದೇವೆ, ಕೆಳಗಿನ ಮೇಜಿನ ಮೇಲೆ ಆ ಬೋಲ್ಟು ಇದೆ.